ತಿಂಗಳಿಂದ ಉರಿಯುತ್ತಿದ್ದ ಹಳದಿ ದೀಪ

ಲಕ್ಷ್ಮೇಶ್ವರದಿಂದ ಫೋನು ಬಂದಾಗ ಅಮೀರಾ ರೊಟ್ಟಿ ಬಡಿಯುತ್ತಿದ್ದಳು. ಫೋನು ಎತ್ತಿದ ಅತ್ತೆ ದಿಲಶಾದಬಿ ಗೋಡೆಗೆ ಒರಗಿ ಕುಸಿದು ಕುಳಿತಳು. ಅಷ್ಟಕ್ಕೇ ಅಮೀರಾಗೆ ತಿಳಿಯಿತು, ಮೋತಿಬಿ ಹೋದಳೆಂದು. ಮೋತಿಬಿ ಅತ್ತೆಯ ಅಕ್ಕ. ತಾಯಿ ಇಲ್ಲದ ಮನೆಯಲ್ಲಿ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

ಅಮೀರಾ ಹಿಟ್ಟಿನ ಕೈಯಲ್ಲೇ ಫೋನು ತೆಗೆದುಕೊಂಡಳು. ಆ ಕಡೆ ಮೋತಿಬಿಯ ಮಗ ನವಾಜ. ದಿಲಶಾದಬಿ ಅವನಿಗೆ ಖಾಲಾ, ಅಂದರೆ ಚಿಕ್ಕಮ್ಮ.

"ಭಾಭಿ, ಮಧ್ಯಾನ್ನದ ಝೋಹರ್ ನಮಾಜಿಗೆ ಮಸೂತಿಗೆ ಒಯ್ಯೂದು ಅಂತ ಹಿರ್ಯಾರು ಹೇಳ್ಯಾರ. ಬಿಸಲು ಭಾಳ ಐತಿ, ಇಡಾಕ ಆಗೂದಿಲ್ಲ. ಖಾಲಾನ್ನ ಜಲ್ದಿ ಕರ್ಕೊಂಡ ಬರ್ರಿ. ಮುಖಾ ಆದ್ರೂ ನೋಡ್ಲಿ."

ಹೆಂಗಸರು ಖಬರಸ್ತಾನಕ್ಕೆ ಹೋಗುವುದಿಲ್ಲ. ಮುಖ ನೋಡುವುದಿದ್ದರೆ ಮನೆಯಲ್ಲೇ, ಶವದ ಮಂಚ, ಜನಾಜಾ, ಎತ್ತುವ ಮೊದಲೇ. ಎತ್ತಿದರೆ ಮುಗಿಯಿತು.

ಗಂಡ ವಸೀಮ ಮೆಣಸಿನಕಾಯಿ ಲೋಡಿನ ಜೊತೆ ಬ್ಯಾಡಗಿಗೆ ಹೋಗಿದ್ದ. ಕಾರು ಮನೆ ಮುಂದೆಯೇ ಇತ್ತು. ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಹೈಬ್ರಿಡ್ ಗಾಡಿ ಅದು. ಪೆಟ್ರೋಲಿನ ಎಂಜಿನ್ನೂ ಉಂಟು, ದೊಡ್ಡ ಬ್ಯಾಟರಿಯ ಮೇಲೆ ಓಡುವ ಮೋಟಾರೂ ಉಂಟು. ಯಾವಾಗ ಯಾವುದು ಎಳೆಯಬೇಕೆಂದು ಗಾಡಿ ತಾನೇ ನೋಡಿಕೊಳ್ಳುತ್ತದೆ. ಅಮೀರಾ ಬುರ್ಖಾ ತೊಟ್ಟು ಸ್ಟೇರಿಂಗಿಗೆ ಕುಳಿತಳು. ಮಂಡಿನೋವಿನ ಅತ್ತೆ ಮುಂದಿನ ಸೀಟಿಗೆ, ಮಾವ ಖಾಸಿಂಸಾಬ ಹಿಂದಕ್ಕೆ. ಖಾಸಿಂಸಾಬ ಜೀವಮಾನವೆಲ್ಲ ಟೆಂಪೋ ಹೊಡೆದವನು. ಕಣ್ಣಿಗೆ ಬಿಸಿಲು ಹೊಡೆಯುತ್ತದೆಂದು ಈಚೆಗೆ ದೂರದ ದಾರಿಗೆ ಸೊಸೆಯನ್ನೇ ಮುಂದೆ ಕೂರಿಸುತ್ತಿದ್ದ.

ಊರ ಹೊರಗಿನ ಪೆಟ್ರೋಲ್ ಬಂಕು ಬಂತು.

"ಹಾಕಸೂದೇನ ಬೇಟಿ?" ಹಿಂದಿನಿಂದ ಮಾವ ಕೇಳಿದ.

ಅಮೀರಾ ಮೀಟರು ನೋಡಿದಳು. ಪೆಟ್ರೋಲಿನ ಗೆರೆ ಒಂದೇ ಉಳಿದಿತ್ತು, ಅದರ ಪಕ್ಕ ಹಳದಿ ದೀಪ ಉರಿಯುತ್ತಿತ್ತು. ಅದು ತಿಂಗಳಿಂದಲೂ ಉರಿಯುತ್ತಲೇ ಇತ್ತು. ಟ್ಯಾಂಕಿನೊಳಗೆ ತೇಲುವ ಬೆಂಡು ತಳದಲ್ಲಿ ಸಿಕ್ಕಿಕೊಂಡಿದೆ, ಸಾಮಾನು ತರಿಸಬೇಕು ಎಂದು ಗದಗಿನ ಮಿಸ್ತ್ರಿ ಹೇಳಿದ್ದ. ಟ್ಯಾಂಕು ತುಂಬಿಸಿ ತಂದರೂ ಒಂದೇ ಗೆರೆ, ಅದೇ ದೀಪ. ಹಾಗಾಗಿ ವಸೀಮ ಬೇರೆ ದಾರಿ ಹುಡುಕಿದ್ದ. ಫುಲ್ ಮಾಡಿಸುವುದು, ಓಡಿದ ಕಿಲೋಮೀಟರಿನ ಲೆಕ್ಕವನ್ನು ಸೊನ್ನೆಗೆ ತರುವ ಗುಂಡಿ ಒತ್ತುವುದು, ಏಳುನೂರು ಆಗುವುದರೊಳಗೆ ಮತ್ತೆ ಫುಲ್ ಮಾಡಿಸುವುದು. ಈಗ ಅಲ್ಲಿ ನೂರರ ಆಸುಪಾಸು ತೋರಿಸುತ್ತಿತ್ತು.

"ಬ್ಯಾಡ ಅಬ್ಬಾ. ನೂರು ಓಡೇತಿ ಅಷ್ಟ. ಹೊತ್ತಾಗತೈತಿ."

"ಆತ ನಡಿ ಹಂಗಾರ."

ಬಂಕು ಹಿಂದೆ ಬಿತ್ತು.

ಕಪ್ಪತಗುಡ್ಡದ ಸೆರಗಿನ ದಾರಿ. ಗುಡ್ಡದ ನೆತ್ತಿಯ ಮೇಲಿನ ಗಾಳಿಯಂತ್ರಗಳು ಬೇಕೋ ಬೇಡವೋ ಎಂಬಂತೆ ತಿರುಗುತ್ತಿದ್ದವು. ದಿಲಶಾದಬಿ ಅಳುತ್ತಿರಲಿಲ್ಲ. ಸೆರಗಿನ ತುದಿಯನ್ನು ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಬಾಯಲ್ಲಿ ಒಂದೇ ಮಾತು, "ಎತ್ತತಾರನ? ನಾ ಹೋಗೂದ್ರಾಗ ಎತ್ತತಾರನ?"

"ಇಲ್ಲ ಅಮ್ಮಿ, ಮುಟ್ಟತೀವಿ."

ಒಂದು ಇಳಿಜಾರಿನಲ್ಲಿ ಎಂಜಿನ್ನಿನ ಸದ್ದು ನಿಂತಿತು. ಈ ಗಾಡಿಯಲ್ಲಿ ಅದೇನೂ ಹೊಸದಲ್ಲ, ಇಳಿಜಾರಿನಲ್ಲಿ ಬ್ಯಾಟರಿಯ ಮೇಲೇ ಹೋಗುತ್ತದೆ. ಆದರೆ ಏರು ಬಂತು. ಅಮೀರಾ ಕಾಲು ಅದುಮಿದಳು. ಎಂಜಿನ್ನು ಎರಡು ಸಲ ಕೊಸರಾಡಿ ಸುಮ್ಮನಾಯಿತು. ಮೀಟರಿನಲ್ಲಿ ಕೆಂಪು ತ್ರಿಕೋನ ಮೂಡಿತು. ಗಾಡಿ ನಿಲ್ಲಲಿಲ್ಲ, ಸದ್ದಿಲ್ಲದೆ, ದಣಿದ ಎತ್ತಿನ ಹಾಗೆ ಏರು ಹತ್ತತೊಡಗಿತು. ಬ್ಯಾಟರಿಯ ಗೆರೆಗಳಲ್ಲಿ ಒಂದು ಮಾಯವಾಯಿತು.

ಅಮೀರಾ ಕನ್ನಡಿಯಲ್ಲಿ ಮಾವನನ್ನು ನೋಡಿದಳು.

"ಅಬ್ಬಾ, ನಿನ್ನೆ ಗಾಡಿ ನೀವs ಒಯ್ದಿದ್ರೆಲ್ಲ? ಪೆಟ್ರೋಲ್ ಹಾಕಸಿದ್ರೇನು?"

"ಹಾಕಸೀನಲ್ಲ! ಕೊರ್ಲಹಳ್ಳಿಗೆ ಹೋಗಿ ಗದಗಿಗೆ ಹೋಗೂದಿತ್ತು. ನಾಕ ಲೀಟರ್ ಹಾಕಸೀನಿ. ಹಾಕಸಿದ ಮ್ಯಾಲ ಸೊನ್ನಿ ಒತ್ತಬೇಕು ಅಂತ ವಸೀಮ ಹೇಳಿದ್ದ, ನೆನಪಿಟ್ಟ ಒತ್ತೀನಿ."

"ನಾಕs ಲೀಟರಾ?"

"ಮತ್ತ? ಟೆಂಪೋಕ್ಕ ಹಂಗs ಹಾಕಸ್ತಿದ್ದೆ. ಹೋಗೂ ದಾರಿಗೆ ಎಷ್ಟ ಬೇಕೋ ಅಷ್ಟ." ಹೇಳುತ್ತಿದ್ದಂತೆಯೇ ಖಾಸಿಂಸಾಬನಿಗೂ ಹೊಳೆಯಿತು. ಟ್ಯಾಂಕು ತುಂಬಿಸದೆ ಸೊನ್ನೆ ಒತ್ತಿದ್ದರಿಂದ ಹಿಂದೆ ಓಡಿದ್ದರ ಲೆಕ್ಕವೇ ಅಳಿಸಿಹೋಗಿತ್ತು.

ಇಡೀ ತಿಂಗಳು ಸುಳ್ಳು ಹೇಳಿದ ದೀಪ ಇವತ್ತು ಖರೆ ಹೇಳಿತ್ತು.

"ಹೆದರಬ್ಯಾಡ ಬೇಟಿ, ನಡಸು," ಎಂದು ಖಾಸಿಂಸಾಬ ಮುಂದಕ್ಕೆ ಬಾಗಿದ. "ಇನ್ನೂ ಓಡಾಕ ಹತ್ತೇತಿ. ಮೆಲ್ಲಕ ಹೋದ್ರ ಶಿರಹಟ್ಟಿ ಬಂಕು ಮುಟ್ಟತೀವಿ."

ಬ್ಯಾಟರಿಯ ಇನ್ನೊಂದು ಗೆರೆ ಹೋಯಿತು.

ಅಮೀರಾಗೆ ಗಾಡಿ ಮಾರಿದವನ ನೆನಪಾಯಿತು. ಕೀಲಿ ಕೊಡುವಾಗ ಅವನು ಕಿವಿ ಹಿಡಿದುಕೊಂಡು ಹೇಳಿದ್ದ: ಪೆಟ್ರೋಲ್ ತೀರಿದ ಮೇಲೂ ಇದು ಓಡ್ತದ ಅಂತ ಓಡಿಸಬ್ಯಾಡ್ರಿ. ನಾನು ಒಮ್ಮೆ ಓಡಿಸಿದೆ. ಎಂಜಿನ್ನು ಎಬ್ಬಿಸೋದೂ ಆ ದೊಡ್ಡ ಬ್ಯಾಟರಿನೇ. ಅದು ಖಾಲಿ ಆದಮೇಲೆ ಕೊಡಗಟ್ಟಲೆ ಪೆಟ್ರೋಲ್ ಸುರಿದರೂ ಏಳಲಿಲ್ಲ, ಲಾರಿ ಮೇಲೆ ಹೇರಿಕೊಂಡು ಹೋಗಬೇಕಾಯಿತು.

ಏರು ಮುಗಿಯಿತು. ಮುಂದೆ ಇನ್ನೊಂದು ಏರು ಕಾಣಿಸುತ್ತಿತ್ತು. ಉಳಿದದ್ದು ಎರಡು ಗೆರೆ. ಅಮೀರಾ ಗಾಡಿಯನ್ನು ಬೇವಿನ ಮರದ ಕೆಳಗೆ ಒಯ್ದು ನಿಲ್ಲಿಸಿ ಎಲ್ಲವನ್ನೂ ಆರಿಸಿದಳು.

"ಯಾಕ ನಿಲ್ಲಿಸಿದಿ?" ದಿಲಶಾದಬಿಯ ದನಿ ಸೀಳಿತು. "ಓಡೂ ಗಾಡಿ ಯಾಕ ನಿಲ್ಲಿಸಿದಿ?"

"ಅಮ್ಮಿ, ಹಿಂಗs ಹೋದ್ರ ನಡುದಾರ್ಯಾಗ ಸಾಯತೈತಿ. ಆಮ್ಯಾಲೆ ಏಳೂದs ಇಲ್ಲ. ಇಲ್ಲೆ ನಿಂತು ಪೆಟ್ರೋಲ್ ತರಸೂಣು."

"ನಮ್ಮ ಆಪಾನ್ನ ಅಲ್ಲಿ ಹೊರಗ ಒಯ್ಯಾಕತ್ತಾರ, ನೀ ಇಲ್ಲಿ ನೆಳ್ಳು ನೋಡಿ ನಿಲ್ಲಸ್ತಿ! ಕಲ್ಲ ಐತಿ ನಿನ್ನ ಎದಿ, ಕಲ್ಲ!"

ತಾನು ಮಾಡಿದ್ದು ಸರಿಯೆಂದು ಅಮೀರಾಗೇ ಗಟ್ಟಿಯಾಗಿ ಗೊತ್ತಿರಲಿಲ್ಲ. ಮಾರಿದವನ ಒಂದು ಮಾತನ್ನು ನಂಬಿ ಓಡುವ ಗಾಡಿಯನ್ನು ನಿಲ್ಲಿಸಿದ್ದಳು.

ದಿಲಶಾದಬಿ ಬಾಗಿಲು ತೆಗೆದು ಇಳಿದಳು. ಎರಡೂ ಮಂಡಿ ಹಿಡಿದುಕೊಂಡು, ಆ ಸುಡುವ ಡಾಂಬರಿನ ಮೇಲೆ ಶಿರಹಟ್ಟಿಯ ಕಡೆಗೆ ನಡೆಯತೊಡಗಿದಳು. ಲಕ್ಷ್ಮೇಶ್ವರ ಅದಕ್ಕಿಂತಲೂ ಆಚೆ. ಅಮೀರಾ ನೀರಿನ ಬಾಟಲಿ ಹಿಡಿದು ಹಿಂದೆ ಓಡಿದಳು. ದೂರವೇನೂ ಹೋಗುವುದಾಗಲಿಲ್ಲ. ಕಿಲೋಮೀಟರಿನ ಕಲ್ಲೊಂದು ಸಿಕ್ಕಿತು, ಅತ್ತೆ ಅದರ ಮೇಲೆ ಕುಳಿತುಬಿಟ್ಟಳು.

"ನಿಮ್ಮ ಅವ್ವ ಆಗಿದ್ರ ನಿಲ್ಲಸ್ತಿದ್ದೇನ?"

ಅಮೀರಾ ಬಾಟಲಿಯ ಮುಚ್ಚಳ ತೆಗೆದು ಅವಳ ಕೈಗಿತ್ತಳು. "ನಿಲ್ಲಸ್ತಿದ್ದೆ ಅಮ್ಮಿ. ಅಳಕೋತ ನಿಲ್ಲಸ್ತಿದ್ದೆ."

ಆ ಹೊತ್ತಿಗೆ ಖಾಸಿಂಸಾಬ ರಸ್ತೆಯ ನಡುವೆ ನಿಂತು ಎರಡೂ ಕೈ ಬೀಸುತ್ತಿದ್ದ. ಒಂದು ಕಾರು ಹಾರನ್ನು ಹೊಡೆಯುತ್ತ ಪಕ್ಕಕ್ಕೆ ಸರಿದು ಹೋಯಿತು. ಇನ್ನೊಂದೂ ಹಾಗೆಯೇ ಹೋಯಿತು. ಆಮೇಲೆ ಬಂದ ಮೋಟಾರ್ ಸೈಕಲ್ಲು ನಿಂತಿತು. ತಲೆಗೆ ಟವೆಲ್ಲು ಸುತ್ತಿದವನು ಇಳಿದು ದಿಟ್ಟಿಸಿ ನೋಡಿದ.

"ಖಾಸಿಂಸಾಬ್ರ ಏನ್ರಿ? ನಾ ಮಾಳಿಂಗರಾಯ. ನಿಮ್ಮ ಟೆಂಪೋದಾಗ ಕುರಿ ಹೇರ್ಕೊಂಡ ಸಂತಿಗೆ ಹೋಗ್ತಿದ್ವಲ್ರಿ!"

"ಮಾಳಿಂಗರಾಯಾ, ದೇವರು ಕಳಸಿದಂಗ ಬಂದಿ ನೋಡು. ಪೆಟ್ರೋಲ್ ತೀರೇತಿ."

"ಇದು ಕರೆಂಟಿನ ಗಾಡಿ ಅಂತಾರಲ್ರಿ ಮಂದಿ?"

"ಎರಡೂ ತಿಂತೈತೋ ಮಾರಾಯಾ. ಒಂದು ಕಡಿಮಿ ಆದ್ರೂ ಸಿಟ್ಟ ಮಾಡತೈತಿ."

"ಹಂಗಾರ ನಮ್ಮ ಅಳಿಯನಂಗ ಅನ್ನರಿ!" ಎಂದು ನಕ್ಕ ಮಾಳಿಂಗರಾಯ, ಕಲ್ಲಿನ ಮೇಲೆ ಕುಳಿತ ಹೆಂಗಸಿನ ಮುಖ ನೋಡಿ ನಗು ನುಂಗಿದ. ವಿಷಯ ತಿಳಿದ ಮೇಲೆ ಕೇಳಿದ, "ಬಾಯರನ್ನ ನಾ ಬಿಟ್ಟ ಬರಲೇನ್ರಿ ಲಕ್ಷ್ಮೇಶ್ವರಕ್ಕ?"

"ಮಂಡಿ ಮಡಚಾಕ ಬರೂದಿಲ್ಲೋ. ಹಿಂದ ಕುಂಡ್ರಾಕ ಆಗೂದಿಲ್ಲ ಆಕಿಗೆ."

"ಹಂಗಾರ ನಮ್ಮೂರ ಚಹಾದಂಗಡ್ಯಾಗ ಬಾಟ್ಲಿ ಪೆಟ್ರೋಲ್ ಇಟ್ಟಿರತಾರ. ಇದ್ದಷ್ಟೂ ತರತೀನಿ."

ಅವನು ಹೋದ ಮೇಲೆ ರಸ್ತೆ ಖಾಲಿಯಾಯಿತು. ಗಾಳಿಯಂತ್ರಗಳೂ ನಿಂತಂತೆ ಕಂಡವು. ಫೋನು ಬಡಿದುಕೊಂಡಾಗ ಅಮೀರಾ ಬೆಚ್ಚಿದಳು.

"ಭಾಭಿ, ಮೈ ತೊಳದು ಗುಸಲ್ ಆತು, ಕಫನ್ ಬಟ್ಟಿ ಸುತ್ತೂದೂ ಆತು. ಎಲ್ಲದೀರಿ?"

"ಗಾಡಿ ನಿಂತೈತಿ ನವಾಜಭಾಯ್. ಹೊರಡತೀವಿ ಈಗ. ಒಂದೀಟ ತಡೀರಿ."

"ಹಿರ್ಯಾರು ಕೇಳೂದಿಲ್ಲ ಭಾಭಿ. ಜಮಾತಿನ ನಮಾಜು ನಮಗ ಅಂತ ನಿಲ್ಲೂದಿಲ್ಲ." ಅವನ ದನಿ ಒಡೆದಿತ್ತು. "ಬರ್ರಿ ಜಲ್ದಿ."

ಅಮೀರಾ ಅತ್ತೆಯನ್ನು ತೋಳು ಹಿಡಿದು ನಡೆಸಿಕೊಂಡು ಬಂದು ಸೀಟಿನಲ್ಲಿ ಕೂರಿಸಿದಳು. ಏಸಿ ಹಾಕಲಿಲ್ಲ, ಹಾಕಿದರೆ ಬ್ಯಾಟರಿ ತಿನ್ನುತ್ತದೆ. ನಾಲ್ಕೂ ಬಾಗಿಲು ತೆರೆದಿಟ್ಟು ರಸ್ತೆಯ ತಿರುವನ್ನೇ ನೋಡುತ್ತ ನಿಂತಳು. ಎಷ್ಟು ಹೊತ್ತು ಅಂತ ಲೆಕ್ಕ ಹಾಕುವ ಧೈರ್ಯವಿರಲಿಲ್ಲ.

ಮಾಳಿಂಗರಾಯ ಬಂದ. ಹ್ಯಾಂಡಲ್ಲಿಗೆ ಜೋತುಬಿದ್ದ ಚೀಲದಲ್ಲಿ ನಾಲ್ಕು ಬಾಟಲಿ. ಖಾಸಿಂಸಾಬ ರಟ್ಟಿನ ಚೂರನ್ನು ಸುರುಳಿ ಮಾಡಿ, ಒಂದು ಹನಿಯೂ ಚೆಲ್ಲದಂತೆ ಸುರಿದ. ಅಮೀರಾ ಬ್ರೇಕು ತುಳಿದು ಗುಂಡಿ ಒತ್ತಿದಳು.

ಎಂಜಿನ್ನು ಗುರುಗುಟ್ಟಿತು, ತಿರುಗಿತು, ಹಿಡಿಯಲಿಲ್ಲ. ಬ್ಯಾಟರಿಯ ಗೆರೆ ಒಂದಕ್ಕೆ ಇಳಿಯಿತು.

ದಿಲಶಾದಬಿ ಕಣ್ಣು ಮುಚ್ಚಿಕೊಂಡಳು. ಅಮೀರಾಳ ಬೆರಳು ಮತ್ತೆ ಗುಂಡಿಯ ಮೇಲೆ ಹೋಯಿತು.

"ತಡಿ!" ಖಾಸಿಂಸಾಬ ಕೂಗಿದ. "ಒತ್ತಬ್ಯಾಡ! ಎಣ್ಣಿ ಇನ್ನೂ ಮ್ಯಾಲ ಬಂದಿಲ್ಲ. ಪೈಪಿನ ತುಂಬ ಗಾಳಿ ಐತಿ. ಟೆಂಪೋದಾಗ ಆಗಿದ್ರ ಕೈಲೆ ಪಂಪ್ ಹೊಡೀತಿದ್ದೆ. ಇದರ ಪಂಪ್ ಎಲ್ಲೇತಿ?"

"ನೀವು ಕುಂತ ಸೀಟಿನ ಕೆಳಗ ಅಂತ ಮಿಸ್ತ್ರಿ ತೋರಿಸಿದ್ದ ಅಬ್ಬಾ."

"ಎಂಜಿನ್ ಎಬ್ಬಸದs ಬರೇ ಲೈಟ್ ಹತ್ತೂವಂಗ ಮಾಡಾಕ ಬರತೈತೇನು?"

ಬ್ರೇಕು ತುಳಿಯದೆ ಒತ್ತಿದರೆ ಮೀಟರು ಮಾತ್ರ ಹೊತ್ತಿಕೊಳ್ಳುತ್ತದೆ. ಅಮೀರಾ ಹಾಗೆಯೇ ಒತ್ತಿದಳು. ಖಾಸಿಂಸಾಬ ಹಿಂದಿನ ಸೀಟಿಗೆ ಕಿವಿ ಹಚ್ಚಿ ಮಲಗಿದ.

"ಜುಯ್ ಅಂತು. ಆರಸು. ಮತ್ತ ಹಚ್ಚು." ಸ್ವಲ್ಪ ತಡೆದು, "ಇನ್ನೊಮ್ಮಿ. ಈಗ ದನಿ ದಪ್ಪ ಆಗೇತಿ, ಎಣ್ಣಿ ಎಳಿಯಾಕ ಹತ್ತೇತಿ. ಮತ್ತೊಮ್ಮಿ... ಹಾಂ, ಈಗ ಎಬ್ಬಸು ಬೇಟಿ. ಬಿಸ್ಮಿಲ್ಲಾ ಅಂತ ಎಬ್ಬಸು."

ಅಮೀರಾ ಬ್ರೇಕು ತುಳಿದು ಒತ್ತಿದಳು. ಎಂಜಿನ್ನು ತಿರುಗಿತು, ಕೆಮ್ಮಿತು, ಇಡೀ ಗಾಡಿಯನ್ನು ಒಮ್ಮೆ ಅಲುಗಿಸಿ ಹಿಡಿದುಕೊಂಡಿತು.

"ಹೋಗ್ರಿ ಹೋಗ್ರಿ!" ಮಾಳಿಂಗರಾಯ ಬಾಗಿಲುಗಳನ್ನು ತಾನೇ ದಬದಬ ಮುಚ್ಚಿದ. "ಬಾಟ್ಲಿ ಮಾತು ಆಮ್ಯಾಲ ಆಡೂಣು!"

ಶಿರಹಟ್ಟಿಯ ಬಂಕಿನಲ್ಲಿ ಸಾಲು ಇತ್ತು. ಅಮೀರಾ ನಿಲ್ಲಿಸಲಿಲ್ಲ. ನಾಲ್ಕು ಬಾಟಲಿಗೆ ಲಕ್ಷ್ಮೇಶ್ವರ ಮುಟ್ಟುತ್ತದೆಂದು ಈ ಸಲ ಮಾವನೂ ಸೊಸೆಯೂ ಒಟ್ಟಿಗೆ ಲೆಕ್ಕ ಹಾಕಿದ್ದರು. ಊರು ದಾಟುವಾಗ ಮಸೂತಿಯ ಮೈಕಿನಿಂದ ಅಜಾನ್ ಕೇಳಿಸಿತು. ದಿಲಶಾದಬಿ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಅಜಾನಿಗೂ ಎಲ್ಲರೂ ಕೂಡಿ ನಮಾಜಿಗೆ ನಿಲ್ಲುವ ಜಮಾತಿಗೂ ನಡುವೆ ಒಂದಿಷ್ಟು ಹೊತ್ತು ಇರುತ್ತದೆ. ಉಳಿದಿದ್ದದ್ದು ಅಷ್ಟೇ.

ಲಕ್ಷ್ಮೇಶ್ವರದಲ್ಲಿ ಮೋತಿಬಿಯ ಮನೆಯ ಓಣಿಗೆ ತಿರುಗಿದಾಗ ಜನಾಜಾ ಹೆಗಲೇರಿತ್ತು. ಹೊಸ್ತಿಲು ದಾಟಿ ಓಣಿಗೇ ಬಂದಿತ್ತು. ಬಿಳಿ ಟೊಪ್ಪಿಗೆಗಳ ಗುಂಪು ನಿಧಾನಕ್ಕೆ ಇವರ ಕಡೆಗೇ ಬರುತ್ತಿತ್ತು. ಅಮೀರಾ ಕಾರನ್ನು ಓಣಿಗೆ ಅಡ್ಡಲಾಗಿ ನಿಲ್ಲಿಸಿಬಿಟ್ಟಳು.

"ಗಾಡಿ ತಗೀರಿ! ದಾರಿ ಬಿಡ್ರಿ!" ಹಿರಿಯನೊಬ್ಬ ಗದರಿದ.

"ನಿಂದರ್ರಿ, ನಿಂದರ್ರಿ!" ಖಾಸಿಂಸಾಬ ಕೆಳಗಿಳಿದು ಕೈ ಮುಗಿದ. "ತಂಗಿ ಬಂದಾಳ. ಒಂದs ನಿಮಿಷ."

ಮುಂದಿನ ಹೆಗಲು ಕೊಟ್ಟಿದ್ದ ನವಾಜ ಯಾರನ್ನೂ ಕೇಳಲಿಲ್ಲ. ಅಲ್ಲೇ ನಿಂತುಬಿಟ್ಟ. ಅವನು ನಿಂತ ಮೇಲೆ ಉಳಿದವರೂ ನಿಲ್ಲಲೇಬೇಕಾಯಿತು. ಪಕ್ಕದ ಮನೆಯ ಕಟ್ಟೆಯ ಮೇಲೆ ಇಳಿಸಿದರು. ಗಂಡಸರು ಆಚೆ ಮುಖ ಮಾಡಿ ನಿಂತರು. ನವಾಜ ಮುಖದ ಮೇಲಿನ ಬಟ್ಟೆ ಸರಿಸಿದ.

ದಿಲಶಾದಬಿ ಬಾಗಲಾರದ ಮಂಡಿಗಳನ್ನು ಬಾಗಿಸಿದಳು. ಸೊಸೆಯ ಹೆಗಲನ್ನು ಗಟ್ಟಿಯಾಗಿ ಹಿಡಿದಿದ್ದಳು. "ಬಂದೆ ಆಪಾ," ಎಂದಳು, ಅಷ್ಟೇ. ನೋಡಿದಳು. ಸಾಕೆನ್ನುವಷ್ಟು ನೋಡಲು ಯಾರೂ ಬಿಡುವುದಿಲ್ಲ, ಆದರೂ ನೋಡಿದಳು. ನವಾಜ ಬಟ್ಟೆ ಮುಚ್ಚಿದ. ಜನಾಜಾ ಎದ್ದಿತು.

ಸಂಜೆ ತಿರುಗಿ ಹೊರಟಾಗ ಲಕ್ಷ್ಮೇಶ್ವರದ ಬಂಕಿನಲ್ಲಿ ಖಾಸಿಂಸಾಬ ತಾನೇ ಇಳಿದು, "ಫುಲ್," ಎಂದ. ಆ ಮಾತನ್ನು ಜೀವಮಾನದಲ್ಲಿ ಎಂದೂ ಆಡದವನ ಹಾಗೆ ಮುಜುಗರಪಟ್ಟುಕೊಂಡೇ ಹೇಳಿದ. ಕಂಠಮಟ್ಟ ತುಂಬಿದ ಮೇಲೂ ಹಳದಿ ದೀಪ ಉರಿಯುತ್ತಲೇ ಇತ್ತು. ಅವನು ಕಿಟಕಿಯಿಂದ ಕೈ ತೂರಿಸಿ ಸೊನ್ನೆಯ ಗುಂಡಿಯವರೆಗೆ ಒಯ್ದವನು ಅಲ್ಲೇ ತಡೆದ.

"ಒತ್ತಲೇನ ಬೇಟಿ?"

ಅಮೀರಾ ಉತ್ತರಿಸುವ ಮೊದಲೇ ಪಕ್ಕದಿಂದ ದಿಲಶಾದಬಿ ಹೇಳಿದಳು, "ಈಗ ಒತ್ರಿ. ಈಗ ತುಂಬೇತಿ." ಆಮೇಲೆ ಸೊಸೆಯ ಕಡೆ ನೋಡದೆ, ಸೀಟಿನ ನಡುವೆ ಇದ್ದ ನೀರಿನ ಬಾಟಲಿಯ ಮುಚ್ಚಳ ತೆಗೆದು ಅವಳ ಕೈಗಿತ್ತಳು. "ಮುಂಜಾನಿಂದ ಏನೂ ಕುಡದಿಲ್ಲ ನೀ."

ಕಾರು ಬಂಕಿನಿಂದ ಸದ್ದಿಲ್ಲದೆ ಹೊರಟಿತು, ಬ್ಯಾಟರಿಯ ಮೇಲೆ. ರಸ್ತೆಗೆ ಬಂದು ಎಂಜಿನ್ನು ಏಳುವವರೆಗೂ ಮೂವರೂ ಉಸಿರು ಬಿಡಲಿಲ್ಲ.