ಹನಿ ಉದುರಿದ ಮೂರು ಮೇಜು

ಬೆಳಗ್ಗೆ ಹಸಿರುಮನೆಯ ಬಾಗಿಲು ತೆಗೆದರೆ ಸಸಿಗಳ ಎಲೆತುದಿಯಲ್ಲೆಲ್ಲ ಸಾಸಿವೆಯಷ್ಟು ನೀರ ಹನಿ ಕೂತಿರಬೇಕು. ಅಂದು ಮೊದಲ ಸಲ ಗಮನವಿಟ್ಟು ನೋಡಿದರೆ ಕೊನೆಯ ಮೂರು ಮೇಜುಗಳ ಮೇಲೆ ಒಂದೇ ಒಂದು ಹನಿ ಇರಲಿಲ್ಲ. ಉಳಿದ ಮೇಜುಗಳ ಮೇಲೆಲ್ಲ ಇತ್ತು. ಸೊಸೆ ಬಾಗಿಲಲ್ಲೇ ನಿಂತಳು. ತನಗಿಂತ ಮೊದಲು ಯಾರೋ ಒಳಗೆ ಬಂದು ಗಿಡ ಮುಟ್ಟಿದ್ದಾರೆ!

ಯಾರೋ ಅಂತೆ, ಯಾರೋ! ಆ ಮನೆಯಲ್ಲಿದ್ದವರೇ ಮೂರು ಜನ. ಗಂಡ ಎಂಟಕ್ಕೆ ಮೊದಲು ಕಣ್ಣು ಬಿಟ್ಟವನಲ್ಲ. ಉಳಿದವರು ಅತ್ತೆ.

ಮೂವತ್ತು ವರ್ಷ ಹೂವಿನ ಸಸಿ ಬೆಳೆಸಿದ ಆಕೆಯ ಕೈ ಈಚೆಗೆ ನಡುಗುತ್ತಿತ್ತು. ಒಂದೇ ವಾರದಲ್ಲಿ ಎರಡು ಟ್ರೇ ಕೈಜಾರಿದಾಗ ಮಗ ಹೇಳಿಬಿಟ್ಟ: "ಇನ್ಮೇಲೆ ನೀನು ಒಳಗೆ ಬರೋದು ಬೇಡಮ್ಮ, ನಿನ್ನ ಸೊಸೆ ನೋಡ್ಕೋತಾಳೆ." ಅತ್ತೆ ತುಟಿ ಪಿಟಕ್ಕೆನ್ನಲಿಲ್ಲ. ಬೈದಿದ್ದರೆ ಸೊಸೆ ನಿಶ್ಚಿಂತೆಯಿಂದ ಇರುತ್ತಿದ್ದಳೋ ಏನೋ. ಆ ಮೌನ ಅವಳಿಗೆ ಅರಗಲಿಲ್ಲ.

ಇದು ಅವಳ ಮೊದಲ ಬೆಳೆ. ಬೆರಳ ತುದಿಯಷ್ಟಗಲದ ಗುಳಿಗಳಿದ್ದ ಟ್ರೇಗಳಲ್ಲಿ ಬಂದಿದ್ದ ಪಿಟೂನಿಯಾ ಹೂವಿನ ಸಸಿಗಳನ್ನು ಒಂದೊಂದಾಗಿ ತಳದಿಂದ ಒತ್ತಿ ಎಬ್ಬಿಸಿ, ಕಾಂಡ ಮುಟ್ಟದೆ ಎಲೆ ಹಿಡಿದು, ಚಿಕ್ಕ ಕುಂಡಗಳಲ್ಲಿ ಕೂರಿಸಿ, ಟ್ರೇಗಳಲ್ಲಿ ಜೋಡಿಸಿದ್ದಳು. ಸಸಿ ಕೊಳ್ಳುವ ಪಾರ್ಕಿನ ಮೇಸ್ತ್ರಿ ಬಂದು ನೋಡಿ ಒಪ್ಪಿದರೆ ಹಸಿರುಮನೆ ಅವಳ ಕೈಯಲ್ಲೇ ಉಳಿಯುತ್ತದೆ. ಒಪ್ಪದಿದ್ದರೆ ಬೇರೆಯವರಿಗೆ ಬಾಡಿಗೆಗೆ ಕೊಡುತ್ತೇನೆಂದು ಗಂಡ ಕಡ್ಡಿ ಮುರಿದ ಹಾಗೆ ಹೇಳಿದ್ದ.

ಆ ಸಂಜೆ ಅವಳು ಒಣ ಗೊಬ್ಬರವನ್ನು ಜರಡಿ ಹಿಡಿದು ನಡುದಾರಿಯ ತುಂಬ ತೆಳ್ಳಗೆ ಉದುರಿಸಿದಳು. ಬೆಳಗ್ಗೆ ನೋಡಿದರೆ ಪುಡಿಯ ಮೇಲೆ ಚಪ್ಪಲಿಯ ಗುರುತು, ಎಡಗಾಲು ಎಳೆದ ಗೀರು. ಎಡಗಾಲು ಎಳೆಯುವವರು ಆ ಮನೆಯಲ್ಲಿ ಅತ್ತೆಯಲ್ಲದೆ ಇನ್ಯಾರು? ಬಗ್ಗಿ ಗಿಡ ನೋಡಿದಳು. ಬೇರೆ ಮೇಜಿನವು ಗೇಣುದ್ದ ಆಗಿದ್ದರೆ ಆ ಮೂರು ಮೇಜಿನವು ಇನ್ನೂ ಬೆರಳುದ್ದ.

"ನನ್ನ ಗಿಡಕ್ಕೇ ಕೈ ಹಾಕ್ತಾರಲ್ಲ!" ಎಂದು ಅವಳಿಗೆ ಅಳುವೇ ಬಂತು. ಸಿಟ್ಟಿನಲ್ಲಿ ಕುಳ್ಳ ಗಿಡಗಳ ಒಂದು ಟ್ರೇ ಎತ್ತಿ ಗೊಬ್ಬರದ ಗುಂಡಿಯ ಪಕ್ಕ ಎಸೆದಳು. ಬಾಗಿಲಿಗೆ ಹೊಸ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ, ಪುಣ್ಯಾತ್ಗಿತ್ತಿ.

ಊಟದ ಹೊತ್ತಿಗೆ ಅತ್ತೆಯ ಕಣ್ಣು ಆ ಕೀಲಿಯ ಮೇಲೆ ಹೋಯಿತು. "ಬೀಗ ಗಟ್ಟಿ ಇದೆಯಾ?" ಎಂದರು, ಅಷ್ಟೇ. ನೋಡು, ಸಿಕ್ಕಿಬಿದ್ದೆ ಅಂತ ಗೊತ್ತಾಗಿದೆ, ಎಂದುಕೊಂಡಳು ಸೊಸೆ.

ಹತ್ತು ದಿನ ಯಾರೂ ಗಿಡ ಮುಟ್ಟಲಿಲ್ಲ. ಮೂರು ಮೇಜಿನವೂ ಸರಸರನೆ ಮೇಲೆದ್ದವು. ಸೊಸೆ ಹಿಗ್ಗಿ ಹೀರೇಕಾಯಿಯಾದಳು.

ಹನ್ನೊಂದನೆಯ ದಿನ ಮೇಸ್ತ್ರಿ ಬಂದ. ಒಂದು ಟ್ರೇ ಎತ್ತಿ ಸ್ವಲ್ಪ ಓರೆ ಮಾಡಿದ್ದೇ ತಡ, ಗಿಡಗಳೆಲ್ಲ ಒಂದೇ ಕಡೆಗೆ ಮಲಗಿಬಿಟ್ಟವು.

"ಏನಮ್ಮಾ ಇದು? ಉದ್ದ ಇದೆ, ಕಸುವಿಲ್ಲ. ಒಂದು ಗಾಳಿ ಬೀಸಿದ್ರೆ ಮುಗೀತು. ನಿಮ್ಮನೆಯಿಂದ ಯಾವತ್ತೂ ಇಂಥ ಗಿಡ ಬಂದಿಲ್ಲ."

ಮೇಸ್ತ್ರಿ ಹೊರಟವನು ಅತ್ತೆಯ ಕೋಣೆಯ ಕಿಟಕಿಯ ಬಳಿ ಗಕ್ಕನೆ ನಿಂತ. ಕಟ್ಟೆಯ ಮೇಲೆ ಒಂದು ಟ್ರೇ ಇತ್ತು. ದಪ್ಪ ಕಾಂಡ, ಒತ್ತಾದ ಎಲೆ, ಆಗಲೇ ಮೊಗ್ಗು. ಓರೆ ಮಾಡಿ ನೋಡಿದ, ಒಂದೂ ಬಾಗಲಿಲ್ಲ.

"ಇಂಥವು ಬೇಕು ನೋಡಿ! ಇನ್ನೊಂದು ಸರ್ತಿ ಬೆಳೆಸ್ತೀರಾ? ಒಂದೂವರೆ ತಿಂಗಳು ಕಾಯ್ತೀನಿ," ಎಂದು ಹೇಳಿ ಹೋದ.

ಅದು ಸೊಸೆಯೇ ಎಸೆದ ಟ್ರೇ, ಅತ್ತೆ ಎತ್ತಿ ತಂದಿದ್ದರು. ಈಗ ಕಿಟಕಿಯ ಒಳಬದಿಯಲ್ಲಿ ಕೂತು, ಹರಡಿದ ಅಂಗೈಯನ್ನು ಗಿಡಗಳ ತಲೆಯ ಮೇಲೆ ಆಡಿಸುತ್ತಿದ್ದರು. ಕೈ ನಡುಗುತ್ತಿತ್ತು. ನಡುಗಿದಷ್ಟೂ ಎಲೆಗಳು ಮೆಲ್ಲಗೆ ಅಲುಗುತ್ತಿದ್ದವು.

"ಒಳಗೆ ಗಾಳಿ ಆಡಲ್ಲ ಕಣೇ. ಅಲುಗಾಡಿಸದಿದ್ರೆ ಗಿಡ ಬರೀ ಉದ್ದ ಆಗುತ್ತೆ. ದಿನಾ ಬೆಳಗ್ಗೆ ಹೀಗೆ ಸವರಬೇಕು. ನೀನು ಏಳೋದ್ರೊಳಗೆ ಮೂರೇ ಮೇಜು ಆಗ್ತಿತ್ತು ನನ್ನ ಕೈಲಿ."

"ಮತ್ತೆ ಬಾಯಿಬಿಟ್ಟು ಹೇಳಬಾರದಿತ್ತಾ ಅತ್ತೆ? ನನ್ನ ಬೆಳೆ ಹೋಗ್ಲಿ ಅಂತ ನೋಡ್ತಾ ಕೂತಿದ್ರಾ?" ಅನುಮಾನ ಇನ್ನೂ ಸತ್ತಿರಲಿಲ್ಲ.

"ಹೇಳಿದ್ರೆ ನೀನೇ ಮಾಡ್ಕೋತಿದ್ದೆ. ಆಮೇಲೆ ನನಗೇನು ಉಳೀತಿತ್ತು? ಈ ನಡುಗೋ ಕೈಗೆ ಬರೋ ಕೆಲಸ ಇದೊಂದೇ. ಬೀಗ ಬಿದ್ದ ಮೇಲೆ ಹೇಳೋಣ ಅಂದ್ಕೊಂಡೆ. ಆದ್ರೆ ನೀನು ಗೊಬ್ಬರದ ಪುಡಿ ಉದುರಿಸಿ ನನ್ನ ಹೆಜ್ಜೆ ಹಿಡಿದಿದ್ದೆಯಲ್ಲ, ಅದನ್ನು ನೆನೆದು ಬಾಯೇ ಬರಲಿಲ್ಲ."

ಸೊಸೆಗೆ ನಾಚಿಕೆಯಾಯಿತು. ಸೊಂಟದಿಂದ ಕೀಲಿ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅತ್ತೆ ಅದನ್ನು ತೆಗೆದುಕೊಳ್ಳಲು ಹೋದರು. ಕೀಲಿ ಬೆರಳ ಸಂದಿಯಿಂದ ಜಾರಿ ನೆಲಕ್ಕೆ ಬಿತ್ತು. ಸೊಸೆ ಒಳಗೆ ಹೋಗಿ ಅದನ್ನು ಎತ್ತಿ, ಅಲ್ಲೇ ಗೋಡೆಯ ಮೊಳೆಗೆ ತೂಗುಹಾಕಿದಳು. "ನಾಳೆಯಿಂದ ನಾನೂ ಬೇಗ ಏಳ್ತೀನಿ, ಅತ್ತೆ," ಎಂದಳು. "ಆದ್ರೆ ಮೇಜೆಲ್ಲ ನೀವೇ ಸವರಬೇಕು."