ನಾಲ್ಕು ಕವರಿನ ಅರಿಶಿನ

ಆಯುಧಪೂಜೆಯ ದಿನ ಶಶಿರೇಖಾ ಸ್ಕೂಟರ್ ತೊಳೆದು, ಹೊಲಿಗೆ ಮಷಿನ್ನು, ಮಿಕ್ಸಿ, ಕತ್ತರಿ ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು ಇನ್ನೇನು ಮಂಗಳಾರತಿ ಎತ್ತಬೇಕು, ಅಷ್ಟರಲ್ಲಿ ಅತ್ತೆ ಮುನಿಕೆಂಪಮ್ಮ ಕೂತಲ್ಲಿಂದಲೇ ಕೇಳಿದರು.

"ಮಗೀನ ಆಟದ ಕಾರ್ಡು ಎಲ್ಲವ್ವಾ? ಅದಕ್ಕೂ ಒಂದು ಬೊಟ್ಟು ಇಕ್ಕು. ಬಾನುವಾರ ಪಂದ್ಯ ಐತಂತೆ."

ಎಂಟನೇ ಕ್ಲಾಸಿನ ಮಗಳು ರಾಣಿ ಬೀದಿಯಲ್ಲಿ ಲಾರಿಗೆ ಕುಂಬಳಕಾಯಿ ಒಡೆಯುವುದನ್ನು ನೋಡಲು ಓಡಿಹೋಗಿದ್ದಳು. ಅವಳ ಡಬ್ಬದಲ್ಲಿ ಪ್ರಾಣಿ, ಡ್ರ್ಯಾಗನ್ ಚಿತ್ರಗಳಿದ್ದ ನಲವತ್ತು ಕಾರ್ಡು. ಒಂದೊಂದಕ್ಕೂ ಒಂದೊಂದು ಪ್ಲಾಸ್ಟಿಕ್ ಕವರ್. ಮುಂದೆ ಗಾಜಿನ ಹಾಗೆ ತಿಳಿ, ಹಿಂದೆ ಹಾಲಿನ ಬಿಳುಪು. ಹಬ್ಬಕ್ಕೆ ಬಟ್ಟೆ ಬೇಡ, ಇದೇ ಕೊಡಿಸು ಎಂದು ಹಟ ಹಿಡಿದು ತಂದಿದ್ದ ಕವರುಗಳು ಅವು.

ನಲವತ್ತಕ್ಕೂ ಬೊಟ್ಟಿಡುತ್ತ ಕೂತರೆ ಒಲೆಯ ಮೇಲಿನ ಪಾಯಸ ತಳ ಹಿಡಿಯುತ್ತಿತ್ತು. ರಾಣಿ ನೆಚ್ಚಿಕೊಂಡಿದ್ದ ನಾಲ್ಕು ಡ್ರ್ಯಾಗನ್‌ಗಳನ್ನಷ್ಟೇ ಶಶಿರೇಖಾ ಆರಿಸಿ ತೆಗೆದಳು. ಚಿತ್ರದ ಮುಖಕ್ಕೆ ಬಳಿಯಲು ಮನಸ್ಸು ಬರಲಿಲ್ಲ. ತಿರುಗಿಸಿ, ಬಿಳಿಯ ಬೆನ್ನಿಗೆ ಇಟ್ಟಳು. ಪೂಜೆಯಾದ ಮೇಲೆ ಮಗಳು ಬೈದಾಳೆಂದು ಸೆರಗಿನಲ್ಲಿ ಒರೆಸಿ, ಇದ್ದ ಹಾಗೇ ಡಬ್ಬಕ್ಕೆ ಸೇರಿಸಿದಳು. ಆಮೇಲೆ ಮರೆತೇಬಿಟ್ಟಳು.

ಭಾನುವಾರ ತಾಯಿ ಮಗಳು ಚಿಕ್ಕಜಾಲದಿಂದ ಸ್ಕೂಟರಿನಲ್ಲಿ ಯಲಹಂಕಕ್ಕೆ ಬಂದರು. ಆಟದ ಸಾಮಾನಿನ ಅಂಗಡಿಯ ಮಹಡಿಯಲ್ಲಿ ಇಪ್ಪತ್ತು ಮಕ್ಕಳು. ರಾಣಿಯನ್ನು ಬಿಟ್ಟರೆ ಎಲ್ಲ ಹುಡುಗರೇ. ಶಶಿರೇಖಾ ಮೂಲೆಯ ಕುರ್ಚಿಯಲ್ಲಿ ಕೂತು, ತಂದಿದ್ದ ರವಿಕೆಗೆ ಹುಕ್ ಹೊಲಿಯತೊಡಗಿದಳು. ರಾಣಿ ಎರಡು ಸುತ್ತು ಗೆದ್ದಳು. ಮೂರನೆಯದಕ್ಕೆ ಎದುರಾದವನು ಕೀರ್ತಿ, ಮನೆಯಲ್ಲಿ ಧಾರವಾಡದ ಮಾತಾಡುವ ಹುಡುಗ. ಆಟಕ್ಕೆ ಮುಂಚೆ ಒಬ್ಬರ ಕಾರ್ಡನ್ನು ಇನ್ನೊಬ್ಬರು ಕಲಸಿ ಕೊಡಬೇಕು. ಕಲಸುತ್ತಿದ್ದ ಕೀರ್ತಿಯ ಕೈ ನಿಂತಿತು.

"ಮಂಜೂರ್ ಸರ್, ಸ್ವಲ್ಪ ಇಲ್ಲಿ ಬರ್ರಿ. ಕೆಲವಕ್ಕ ಹಿಂದ ಹಳದಿ ಕಲೆ ಐತಿ."

ಪಂದ್ಯ ನಡೆಸುತ್ತಿದ್ದ ಮಂಜೂರ್ ಕಲೆಯಿದ್ದ ಕಾರ್ಡುಗಳನ್ನು ಆರಿಸಿ ತಿರುಗಿಸಿಟ್ಟ. ನಾಲ್ಕು. ನಾಲ್ಕೂ ಡ್ರ್ಯಾಗನ್, ಆಟದಲ್ಲೇ ಬಲವಾದ ಕಾರ್ಡು.

"ಮಾರ್ಕ್ ಮಾಡ್ಕೊಂಡು ಬಂದವ್ಳೆ ಮಗಾ," ಎಂದ ಹಿಂದಿನ ಮೇಜಿನವನೊಬ್ಬ. "ಬೆನ್ನು ನೋಡೇ ಯಾವ ಕಾರ್ಡು ಅಂತ ಗೊತ್ತಾಗತ್ತೆ. ಅದಕ್ಕೇ ಗೆಲ್ತಾ ಇದ್ಲು."

ರಾಣಿ ಕಲೆಯನ್ನು ಬೆರಳಿನಿಂದ ಉಜ್ಜಿದಳು. ಅದು ಹೋಗಲಿಲ್ಲ. "ನಾನು ಮಾಡಿಲ್ಲ ಅಣ್ಣ," ಎಂದಳು.

"ಬೇಕಂತ ಮಾಡಿದ್ರೆ ಪಂದ್ಯದಿಂದ ಹೊರಗೆ, ವರ್ಷ ಪೂರ್ತಿ ಇಲ್ಲಿ ಆಡೋ ಹಾಗಿಲ್ಲ. ಗೊತ್ತಿಲ್ದೆ ಆಗಿದ್ರೆ ಈ ಸುತ್ತಿನ ಮೂರರಲ್ಲಿ ಒಂದು ಆಟ ಸೋತ ಹಾಗೆ. ಯಾವುದು ಹೇಳಮ್ಮ," ಎಂದ ಮಂಜೂರ್.

ಶಶಿರೇಖಾ ಎದ್ದು ನಿಂತಳು. ಮಡಿಲಲ್ಲಿದ್ದ ಹುಕ್ಕುಗಳೆಲ್ಲ ನೆಲಕ್ಕೆ ಚೆಲ್ಲಿದವು.

"ನಾನಪ್ಪ ಇಟ್ಟಿದ್ದು. ಹಬ್ಬದ ದಿನ ಅರಿಶಿನ ಕುಂಕುಮ. ಅವಳಿಗೆ ಗೊತ್ತೇ ಇಲ್ಲ."

ಯಾರೋ ಕಿಸಕ್ಕನೆ ನಕ್ಕರು. ಶಶಿರೇಖಾಳ ಕಿವಿ ಬಿಸಿಯಾಯಿತು. ಚೀಲಕ್ಕೆ ಕೈ ಹಾಕಿ ಕತ್ತರಿ ತೆಗೆದಳು, ಸ್ಕೂಟರಿನ ಕೀ ತೆಗೆದಳು. ಎರಡನ್ನೂ ಮೇಜಿನ ಮೇಲೆ ಕಾರ್ಡುಗಳ ಪಕ್ಕ ಇಟ್ಟಳು. ಎರಡಕ್ಕೂ ಅದೇ ಹಳದಿ, ನಡುವೆ ಒಣಗಿದ ಕೆಂಪು.

ಮಂಜೂರ್ ಕತ್ತರಿಯನ್ನೂ ಒಂದು ಕಾರ್ಡನ್ನೂ ಪಕ್ಕಪಕ್ಕ ಹಿಡಿದು ನೋಡಿದ. "ಹೆಬ್ಬಾಳದಲ್ಲಿ ನಮ್ಮಪ್ಪಂದು ಗ್ಯಾರೇಜ್ ಇದೆ ಅಕ್ಕ. ಅಲ್ಲೂ ಹುಡುಗರು ಸ್ಪ್ಯಾನರ್‌ಗೆಲ್ಲ ಇಡ್ತಾರೆ. ಆದ್ರೆ ಎಲ್ಲ ಸ್ಪ್ಯಾನರ್‌ಗೂ ಇಡ್ತಾರೆ ಕಣಕ್ಕ. ನಾಲ್ಕೇ ಆರಿಸಿ ಇಡಲ್ಲ."

"ನಲವತ್ತಕ್ಕೂ ಇಡ್ತಾ ಕೂತ್ರೆ ಪಾಯಸ ತಳ ಹಿಡೀತಿತ್ತಪ್ಪ," ಎಂದಳು ಶಶಿರೇಖಾ.

ಈ ಸಲ ರಾಣಿಗೂ ನಗು ಬಂತು, ಕಣ್ಣೊರೆಸಿಕೊಳ್ಳುತ್ತಲೇ.

"ಆಂಟಿ ಹೇಳೂದು ಖರೇ ಅನಸ್ತದ ಸರ್," ಎಂದ ಕೀರ್ತಿ.

ಹೊರಗೆ ಹಾಕಲಿಲ್ಲ. ಆದರೂ ನಿಯಮ ನಿಯಮವೇ. ರಾಣಿ ಒಂದು ಆಟ ಸೋತಂತೆ ಬರೆದುಕೊಂಡು, ಕೆಳಗಿನ ಅಂಗಡಿಯಲ್ಲಿ ಕೊಂಡು ಹತ್ತು ನಿಮಿಷದಲ್ಲಿ ನಲವತ್ತಕ್ಕೂ ಹೊಸ ಕವರ್ ಹಾಕಿ ಎಂದ ಮಂಜೂರ್. ಶಾಲೆ ಪುಸ್ತಕಕ್ಕೆ ಬೈಂಡು ಹಾಕುವಾಗಿನಂತೆ ತಾಯಿ ಮಗಳು ಎದುರುಬದುರು ಕೂತರು. ಶಶಿರೇಖಾ ಕವರಿನ ಬಾಯಿ ಅಗಲಿಸಿ ಹಿಡಿದಳು, ರಾಣಿ ಕಾರ್ಡು ಇಳಿಸಿದಳು.

"ಕೋಪನಾ?"

"ಆಮೇಲೆ ಮಾಡ್ಕೋತೀನಿ ಕಣಮ್ಮ. ಈಗ ಟೈಮಿಲ್ಲ."

ಮುಂದಿನ ಆಟವನ್ನು ರಾಣಿ ಗೆದ್ದಳು. ಒಂದಕ್ಕೊಂದು ಸಮ, ಉಳಿದದ್ದು ಕೊನೆಯ ಆಟ. ಸುತ್ತ ಮಕ್ಕಳು ಗುಂಪುಗಟ್ಟಿದ್ದರು. ರಾಣಿ ಕಾರ್ಡು ಎಳೆಯಲು ಕೈ ಚಾಚಿದವಳು ಹಾಗೇ ನಿಂತಳು. ಕಟ್ಟಿನ ಮೇಲಿನ ಕವರಿನ ಮೂಲೆ ಒಂದಿಷ್ಟು ಮಡಚಿತ್ತು. ಅವಸರದಲ್ಲಿ ಹಾಗಾದದ್ದು ಶಶಿರೇಖಾಳ ಕೈಯಲ್ಲೇ. ಯಾವ ಕಾರ್ಡಿಗೆ ಆಯಿತೆಂಬುದು ಅವರಿಬ್ಬರಿಗೆ ಮಾತ್ರ ಗೊತ್ತು. ಅದರೊಳಗೆ ಡ್ರ್ಯಾಗನ್ ಇತ್ತು. ಎಳೆದರೆ ಆಟ ರಾಣಿಯದು. ಕೀರ್ತಿ ತನ್ನ ಕಾರ್ಡುಗಳಲ್ಲಿ ಮುಳುಗಿದ್ದ.

ಗುಂಪಿನ ಹಿಂದೆ ನಿಂತಿದ್ದ ಶಶಿರೇಖಾಳೂ ಅದನ್ನು ನೋಡಿದಳು. ಹೇಳಬೇಕೆನ್ನಿಸಿತೋ ಹೇಳಬಾರದೆನ್ನಿಸಿತೋ ಅವಳಿಗೇ ತಿಳಿಯಲಿಲ್ಲ.

ರಾಣಿ ಕೈ ಎತ್ತಿದಳು. "ಮಂಜೂರಣ್ಣ, ಇದರ ಮೂಲೆ ಮಡಚಿದೆ. ಯಾವ ಕಾರ್ಡಂತ ನನಗೆ ಗೊತ್ತು."

ಮಂಜೂರ್ ಕವರ್ ಬದಲಿಸಿ ಎಲ್ಲವನ್ನೂ ಮತ್ತೆ ಕಲಸಿಕೊಟ್ಟ. ಡ್ರ್ಯಾಗನ್ ಎಲ್ಲೋ ಒಳಗೆ ಸೇರಿಹೋಯಿತು. ಎರಡು ಸರದಿ ಕಳೆಯುವುದರೊಳಗೆ ಕೀರ್ತಿ ಗೆದ್ದ.

ಕೈ ಕುಲುಕುವಾಗ ಅವನು ಮೆಲ್ಲಗೆ ಕೇಳಿದ, "ನಾ ನೋಡಿರ್ಲಿಲ್ಲ. ಯಾಕ್ ಹೇಳಿದಿ?"

"ನಾನ್ ನೋಡಿದ್ನಲ್ಲ."

ಹಿಂದಿನ ಮೇಜಿನವನು ತಲೆ ಕೆರೆದುಕೊಂಡ. "ಮುಂದಿನ್ ವಾರ ನನ್ ಜೊತೆ ಆಡ್ತೀಯಾ, ಅರಿಶಿನ?"

"ಆಡ್ತೀನಿ. ಸೋತ್ರೆ ಅಳಬಾರ್ದು," ಎಂದಳು ರಾಣಿ. ಮಂಜೂರ್ ಮುಂದಿನ ಭಾನುವಾರದ ಪಟ್ಟಿಯಲ್ಲಿ ಅವಳ ಹೆಸರನ್ನು ಮೊದಲು ಬರೆದುಕೊಂಡ.

ಮನೆ ಸೇರಿದಾಗ ಮುನಿಕೆಂಪಮ್ಮ ಬಾಗಿಲಲ್ಲೇ ಕಾದಿದ್ದರು. "ಗೆದ್ಯಾ ಮಗಾ?"

"ಇಲ್ಲಜ್ಜಿ. ಮುಂದಿನ ವರ್ಷ ಡಬ್ಬಕ್ಕೆ ಇಡಿ. ಕಾರ್ಡಿಗೆ ಬೇಡ."

ಹಳದಿಯಾದ ನಾಲ್ಕು ಕವರನ್ನು ಅವಳು ಎಸೆದಿರಲಿಲ್ಲ. ಒಂದರಲ್ಲಿ ಅಜ್ಜಿಯ ಆಧಾರ್ ಕಾರ್ಡು ಇಳಿಸಿ, ಸರಿಯಾಗಿ ಕೂತಿತೇ ಎಂದು ಬೆಳಕಿಗೆ ಹಿಡಿದು ನೋಡಿ ಅವರ ಕೈಗಿತ್ತಳು.

"ಇದನ್ನ ಯಾರೂ ಕಲಸಲ್ಲ ಬಿಡಜ್ಜಿ."