ಕರಡಿಗೆ ಹಿಡಿದ ಕೈ

"ಕೊರಳಾಗಿಂದು ತಗದು ಕೊಡ್ರಿ. ಲೋಹ ಒಳಗ ನಡಿಯಂಗಿಲ್ಲ," ಎಂದು ಮಹಾಂತೇಶ ನಗರದ ಸ್ಕ್ಯಾನಿಂಗ್ ಸೆಂಟರಿನ ಹುಡುಗಿ ಹೇಳಿದಾಗ ನಾಗರತ್ನಾ ಗಂಡನ ಮುಖ ನೋಡಿದಳು. ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ ಅವಳ ಮೈ ಬಿಟ್ಟು ಹೋದದ್ದಿಲ್ಲ. ಇನ್ನೊಬ್ಬರ ಕೈ ಅದಕ್ಕೆ ತಾಕಿದ್ದೂ ಇಲ್ಲ. ಗುರುಪುತ್ರಪ್ಪ ಒಗೆದು ತಂದಿದ್ದ ಟವೆಲ್ ಬಿಡಿಸಿ ಒಡ್ಡಿದ.

"ಇದರಾಗ ಹಾಕು. ನನ್ನ ಕೈ ಹತ್ತಂಗಿಲ್ಲ."

ಬೀಡಿ ಊರಿನ ಮನೆಯಲ್ಲಿ ಅವಳ ಪೂಜೆ ಮಧ್ಯಾಹ್ನವಾದರೂ ಮುಗಿಯುತ್ತಿರಲಿಲ್ಲ. ಲಿಂಗ ತೊಳೆಯುವಳು, ಹಳೆಯ ವಿಭೂತಿ ಉಳಿದಿದೆಯೆಂದು ಮತ್ತೆ ತೊಳೆಯುವಳು. ಪೂಜೆಯಾಗದೆ ಹನಿ ನೀರೂ ಇಲ್ಲ. ಇದು ಭಕ್ತಿಯೆಂದು ಊರು ಹೊಗಳಿ ಅಟ್ಟಕ್ಕೇರಿಸಿತು, ಗುರುಪುತ್ರಪ್ಪನೂ ಬೀಗಿದ. ಅವಳ ಅಂಗೈ ಒಡೆದು ರಕ್ತ ಬಂದ ಮೇಲೆ ಇವನ ಕಣ್ಣು ತೆರೆಯಿತು. ಸ್ಕ್ಯಾನ್ ಬೇಕಿಲ್ಲವೆಂದು ಮನೋರೋಗದ ಡಾಕ್ಟರ್ ಸುಲಭಾ ಹೇಳಿದರೂ ಹಟ ಹಿಡಿದವನು ಇವನೇ. ಗಂಟೊಂದು ಸಿಕ್ಕರೆ ತೆಗೆಸಿಬಿಡಬಹುದಲ್ಲ. ಹೆಂಡತಿಯ ತಲೆಯಲ್ಲಿ ಗಡ್ಡೆಯಿರಲೆಂದು ದೇವರನ್ನು ಬೇಡಿಕೊಂಡ ಗಂಡ ಇವನೊಬ್ಬನೇ ಇರಬೇಕು.

ಒಳಗೆ ಯಂತ್ರ ಧಡಧಡ ಬಡಿಯತೊಡಗಿದಾಗ ಹೊರಗೆ ಕೂತಿದ್ದ ಗುರುಪುತ್ರಪ್ಪ ಬೆಚ್ಚಿ ಎದ್ದ. ಟವೆಲ್ ಜಾರಿತು. ಕರಡಿಗೆ ನೆಲಕ್ಕೆ ಬೀಳುವ ಮೊದಲು ಬರಿಗೈಯಲ್ಲೇ ಹಿಡಿದುಬಿಟ್ಟ. ಯಾರೂ ನೋಡಲಿಲ್ಲ.

ಸಂಜೆ ಸುಲಭಾ ಅವನೊಬ್ಬನನ್ನೇ ಕರೆದು, ಸ್ಕ್ಯಾನಿನಲ್ಲಿ ಏನೂ ಇಲ್ಲವೆಂದರು.

"ಹಂಗಾರ ಈಕಿಗೆ ಏನೂ ಆಗಿಲ್ಲೇನ್ರಿ, ಬಾಯಾರ?"

"ಆಗೇತ್ರಿ. ಇದು ಗೀಳಿನ ಜಡ್ಡು, ಇದರಾಗ ಮೆದುಳಿನ್ಯಾಗ ಫರಕ ಇರತಾವು. ಭಾಳ ಮಂದಿ ಸ್ಕ್ಯಾನ್ ಕೂಡಿಸಿ ನೋಡಿದಾಗಷ್ಟ ಕಾಣೂವಂಥ ಸಣ್ಣವು. ಒಬ್ಬರ ಫೋಟೋದಾಗ ಬೆರಳಿಟ್ಟು ತೋರಸಾಕ ಬರಂಗಿಲ್ಲ. ಗುಳಿಗಿ ಕೊಡತೀನಿ, ನಿಧಾನಕ್ಕ ಕಡಿಮಿ ಆಗಬಹುದು. ಆದ್ರ ಸ್ವಚ್ಛ ಐತೇನು, ಕೈ ಹತ್ತಿತೇನು ಅಂತ ಕೇಳಿದ್ರ ನೀವು ಉತ್ತರ ಕೊಡಬ್ಯಾಡ್ರಿ. ಕೊಟ್ಟಷ್ಟೂ ಸಂಶಯ ಬೆಳಿತೈತಿ."

ಕಾಣದ ಕಳ್ಳನನ್ನು ಹಿಡಿಯುವುದು ಹೇಗೆ? ಗುರುಪುತ್ರಪ್ಪನಿಗೆ ಅಳು ಬಂದಂತಾಯಿತು.

ಬಸ್ಸು ಖಾನಾಪುರ ದಾಟಿದರೂ ಕರಡಿಗೆ ಟವೆಲಿನಲ್ಲೇ ಅವಳ ಮಡಿಲಲ್ಲಿತ್ತು. ಪೂಜೆಯಾಗದ್ದರಿಂದ ಬೆಳಗಿನಿಂದ ಅವಳು ನೀರು ಕುಡಿದಿರಲಿಲ್ಲ.

"ನಿಮ್ಮ ಕೈ ಹತ್ತಿಲ್ಲ ಹೌದಿಲ್ರೀ?"

ಅವನು ಕಿಟಕಿಯತ್ತ ತಿರುಗಿದ.

"ಇದು ಹುಚ್ಚು ಅಂತ ನನಗೂ ತಿಳಿತೈತ್ರಿ. ಒಂದ ಸಲ ಹೇಳಿಬಿಡ್ರಿ. ಕೊರಳಿಗೆ ಹಾಕ್ಕೋತೀನಿ, ಮನಿಗೆ ಹೋಗಿ ಪೂಜಾ ಮಾಡಿ ಉಣ್ಣತೀನಿ."

ಅವಳ ತುಟಿ ಒಣಗಿ ಬಿರಿದಿತ್ತು. ಡಾಕ್ಟರ್ ಹೇಳಿದ್ದೆಲ್ಲ ನೆನಪಿತ್ತು. ಆದರೂ ತಡೆಯಲಾಗಲಿಲ್ಲ.

"ಇಲ್ಲ. ಹತ್ತಿಲ್ಲ."

ನಾಗರತ್ನಾ ದೀರ್ಘವಾಗಿ ಉಸಿರು ಬಿಟ್ಟಳು. ಎರಡೂ ಕೈಯಲ್ಲಿ ದಾರ ಹಿಡಿದು ಕರಡಿಗೆಯನ್ನು ಎತ್ತಿದಳು. ಕೈಗಳು ಕೊರಳ ಹತ್ತಿರ ಬಂದು ನಿಂತವು.

"ಖರೇನ?" ಎಂದಳು.